ಅರವತ್ತು ಕಿಲೋ ಮಾಮ

ಬೆಳಗ್ಗೆ ಆರು ಗಂಟೆಗೆ ಶಾಲೆಯ ಮೈದಾನಕ್ಕೆ ವಾಕಿಂಗ್ ಬರುವವರು ಮೊದಮೊದಲು ಬೆಚ್ಚಿಬೀಳುತ್ತಿದ್ದರು. ಗೋಲ್ ಕಂಬದ ಬುಡದಲ್ಲಿ ಒಬ್ಬ ಗಂಡಸು ಅಂಗಾತ ಬಿದ್ದಿರುತ್ತಿದ್ದ. ವಯಸ್ಸು ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ನುಣ್ಣಗೆ ಬಾಚಿದ ತಲೆ, ಮುಚ್ಚಿದ ಕಣ್ಣು. ಉದ್ದನೆಯ ಹುಡುಗಿಯೊಬ್ಬಳು ಓಡಿಬಂದು ಅವನ ಪಕ್ಕ ಮಂಡಿಯೂರಿ, ಅವನ ತೋಳನ್ನು ಹಿಡಿದೆಳೆದು ಹೆಗಲಿಗೆ ಹೇರಿಕೊಂಡು ಎದ್ದು ನಿಲ್ಲುತ್ತಿದ್ದಳು. ಆಮೇಲೆ ಆಚೆಯ ಗೋಲ್ ಕಂಬದವರೆಗೆ ಒಂದೇ ಉಸಿರಿಗೆ ಓಟ. ಅಲ್ಲಿ ಇಳಿಸಿದ ಮೇಲೆ ಬಿದ್ದ ಗಂಡಸು ಎದ್ದು ಕೂತು, ಕೈಗಡಿಯಾರ ನೋಡಿ, "ಐವತ್ತೈದು" ಎನ್ನುತ್ತಿದ್ದ.

"ನೋಡ್ರಪ್ಪ, ಹೆಣಾನೇ ಟೈಮ್ ಹೇಳ್ತಾ ಇದೆ" ಎಂದು ವಾಕಿಂಗಿನ ಹಿರಿಯರೊಬ್ಬರು ನಕ್ಕರು. ಆವತ್ತಿನಿಂದ ಆ ಗುಂಪಿನ ಬಾಯಲ್ಲಿ ಅವನಿಗೆ ಅದೇ ಹೆಸರು ನಿಂತುಹೋಯಿತು. ಅವನು ಬೇಸರ ಮಾಡಿಕೊಳ್ಳಲಿಲ್ಲ. ಊರಿಗೆಲ್ಲ ಅವನು ಕಟಿಂಗ್ ಶಾಪಿನ ಮಾಮ. ಇಪ್ಪತ್ತೆಂಟು ವರ್ಷದಿಂದ ಒಂದೇ ಕುರ್ಚಿ, ಒಂದೇ ಕನ್ನಡಿ. ಜನ ಅವನ ಕೈಗೆ ತಲೆ ಕೊಟ್ಟು ಏನೇನೋ ಅಂದು ಹೋಗುತ್ತಾರೆ. ಎಲ್ಲವನ್ನೂ ಕೂದಲಿನ ಜೊತೆ ಗುಡಿಸಿ ಹಾಕುವುದು ಅವನಿಗೆ ರೂಢಿಯಾಗಿತ್ತು.

ಹುಡುಗಿ ಅವನ ಅಕ್ಕನ ಮಗಳು. ಹನ್ನೆರಡು ವರ್ಷಕ್ಕೇ ಅಪ್ಪನ ಎತ್ತರ ಬೆಳೆದಿದ್ದರಿಂದ ಬೀದಿಯವರು ಏಣಿ ಎಂದರು, ಮನೆಯವರೂ ಏಣಿ ಎಂದರು. ಅವಳಿಗೆ ವಿಮಾನ ನಿಲ್ದಾಣದ ಅಗ್ನಿಶಾಮಕ ದಳಕ್ಕೆ ಸೇರಬೇಕು. ಊರಿನ ಫೈರ್ ಸ್ಟೇಷನ್ ಅಲ್ಲ, ವಿಮಾನ ನಿಲ್ದಾಣದ್ದೇ. ರನ್‌ವೇ ಪಕ್ಕದಲ್ಲಿ ಹಗಲೂ ರಾತ್ರಿ ಸಜ್ಜಾಗಿ ನಿಂತಿರುವ ಆ ದಳ. ಲಿಖಿತ ಪರೀಕ್ಷೆ ಪಾಸಾಗಿದ್ದಳು. ಲಾರಿ ಓಡಿಸುವ ಅಪ್ಪ ಪಕ್ಕದಲ್ಲಿ ಕೂತು ಬೈದು ಬೈದು ಕಲಿಸಿದ್ದರಿಂದ ಹೆವಿ ಲೈಸೆನ್ಸೂ ಕೈಯಲ್ಲಿತ್ತು. ಓಟ, ಹಗ್ಗ, ಏಣಿ ಹತ್ತುವುದು ಯಾವುದಕ್ಕೂ ಅಂಜುವವಳಲ್ಲ. ಅವಳನ್ನು ತಡೆದು ನಿಲ್ಲಿಸಿದ್ದು ಒಂದೇ: ಅರವತ್ತು ಕಿಲೋ ತೂಗುವ ಗೊಂಬೆಯೊಂದನ್ನು ನೆಲದಿಂದ ಎತ್ತಿ, ಹೆಗಲ ಮೇಲೆ ಹೊತ್ತು, ನೂರು ಮೀಟರ್ ದೂರವನ್ನು ಅರವತ್ತು ಸೆಕೆಂಡಿನೊಳಗೆ ಮುಟ್ಟಿಸಬೇಕು. ಹೊಗೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದ ಮನುಷ್ಯನ ಲೆಕ್ಕ ಅದು.

ಮೊದಲು ಗೋಣಿಚೀಲಕ್ಕೆ ಮರಳು ತುಂಬಿ ಅಭ್ಯಾಸ ಮಾಡಿದ್ದಳು. ಚೀಲ ಸೊಂಟದಲ್ಲಿ ಮಡಚಿಕೊಳ್ಳುವುದಿಲ್ಲ, ಹೆಗಲಿಗೆ ಒಗ್ಗುವುದಿಲ್ಲ, ಮೂರನೆಯ ದಿನ ಹೊಲಿಗೆ ಬಿಟ್ಟು ಮರಳೆಲ್ಲ ಬೆನ್ನ ಮೇಲೆ ಸುರಿಯಿತು. ಮನುಷ್ಯನೇ ಬೇಕು ಎಂದಾಯಿತು. ಅಪ್ಪ ತೊಂಬತ್ತು ಕಿಲೋ, ಅದೂ ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆ. ಅಮ್ಮ ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಿಸುವವಳು, ನಲವತ್ತಾರು ಕಿಲೋ. ಮಾಮನನ್ನು ಗುಜರಿ ಅಂಗಡಿಯ ತಕ್ಕಡಿಯ ಮೇಲೆ ನಿಲ್ಲಿಸಿದರೆ ಮುಳ್ಳು ಅರವತ್ತಕ್ಕೆ ಬಂದು ನಿಂತಿತು, ಅಳೆದು ತೂಗಿ ಇವಳಿಗೆಂದೇ ಮಾಡಿಟ್ಟಂತೆ.

"ದೇವರು ಕೊಟ್ಟ ತೂಕ ಮಾಮ, ಹಾಳು ಮಾಡ್ಕೋಬೇಡ" ಎಂದಳು ಏಣಿ.

ಅಂದಿನಿಂದ ಅವನ ಹೆಂಡತಿ ಊಟದ ತಟ್ಟೆಯ ಮೇಲೆ ಕಾವಲು ಕೂತಳು. ಎರಡನೇ ಸಲ ಬಡಿಸಿಕೊಳ್ಳಲು ಕೈ ಚಾಚಿದರೆ, "ಸಾಕು ಏಳ್ರೀ, ಹುಡುಗಿಗೆ ಭಾರ ಆಗುತ್ತೆ" ಎನ್ನುವಳು. ಜ್ವರ ಬಂದು ವಾರ ಮಲಗಿ ಎದ್ದರೆ, "ತಿನ್ರೀ, ತೂಕ ಕಮ್ಮಿ ಇಟ್ಕೊಂಡು ಹುಡುಗಿಗೆ ಮೋಸ ಮಾಡ್ತೀರಾ?" ಎನ್ನುವಳು. ಭಾನುವಾರ ಭಾನುವಾರ ತಕ್ಕಡಿ ಹತ್ತಿ ಇಳಿಯುವುದು ಕಡ್ಡಾಯವಾಯಿತು. ಗುಜರಿಯವನು, "ಇವತ್ತಿಗೆ ಏನ್ ರೇಟು ಮಾಮ, ಕಬ್ಬಿಣದ ಲೆಕ್ಕಾನಾ, ಪೇಪರ್ ಲೆಕ್ಕಾನಾ?" ಎಂದು ಕೇಳುವನು.

ಇಷ್ಟೆಲ್ಲ ಆದರೂ ಹೋದ ವರ್ಷ ಏಣಿ ಸೋತಳು. ಮೈದಾನದಲ್ಲಿ ಮಾಮನನ್ನು ಐವತ್ತೈದು ಸೆಕೆಂಡಿಗೆ ಮುಟ್ಟಿಸುವವಳು ಪರೀಕ್ಷೆಯಲ್ಲಿ ಗೊಂಬೆಯನ್ನು ಮುಟ್ಟಿಸಲು ಎಪ್ಪತ್ತೊಂದು ಸೆಕೆಂಡು ತೆಗೆದುಕೊಂಡಳು.

"ಕೈ ನಡುಗಿತಾ?" ಎಂದು ಮಾಮ ಕೇಳಿದ್ದ.

"ಇಲ್ಲ ಮಾಮ. ಅದು ನಿನಗಿಂತ ಭಾರ."

"ಅದೂ ಅರವತ್ತು, ನಾನೂ ಅರವತ್ತು."

"ಗೊತ್ತು. ಆದ್ರೂ ಅದು ಭಾರ."

ಗೊಂಬೆಯನ್ನು ನೀರಿನಲ್ಲಿ ನೆನೆಹಾಕಿ ಇಟ್ಟಿರಬೇಕು, ದೊಡ್ಡವರ ಮಕ್ಕಳಿಗೆ ಒಣಗಿದ ಗೊಂಬೆ ಕೊಟ್ಟಿರಬೇಕು ಎಂದು ಮಾಮ ಗಿರಾಕಿಗಳ ಹತ್ತಿರ ಒಂದು ತಿಂಗಳು ಗೊಣಗಿದ. ಈ ವರ್ಷ ಮತ್ತೆ ಕರೆದಿದ್ದರು. ಪರೀಕ್ಷೆ ಮುಗಿದ ಮೂರು ವಾರಕ್ಕೆ ಏಣಿಯ ವಯಸ್ಸು ಮಿತಿ ದಾಟುತ್ತಿತ್ತು. ಇದೇ ಕೊನೆ. ಇದು ಹೋದರೆ ಅಮ್ಮನ ಜೊತೆ ಲಾಂಡ್ರಿಗೆ ಹೋಗುವುದು ಎಂದು ಮನೆಯಲ್ಲಿ ಮಾತಾಗಿತ್ತು. ಯಾರೂ ಆ ಮಾತನ್ನು ಎರಡನೇ ಸಲ ಎತ್ತಿರಲಿಲ್ಲ.

ಸಂದರ್ಶನಕ್ಕೂ ಓದಬೇಕಿತ್ತಲ್ಲ, ಅದಕ್ಕೂ ಮಾಮನ ಅಂಗಡಿಯೇ ಪಾಠಶಾಲೆ. ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿಗೆ ಏಣಿ ಬೆಂಚಿನ ಮೇಲೆ ಕೂರುವಳು. ಅವಳ ನೋಟ್‌ಬುಕ್ ಕನ್ನಡಿಯ ಕೆಳಗೆ ಪೌಡರ್ ಡಬ್ಬಿಗೆ ಒರಗಿ ನಿಂತಿರುತ್ತಿತ್ತು. ಮಾಮ ಕತ್ತರಿ ಆಡಿಸುತ್ತಲೇ ಪ್ರಶ್ನೆ ಓದುವನು.

"ಬೆಂಕಿ ಹತ್ತೋಕೆ ಬೇಕಾದ ಮೂರು ಯಾವುವು?"

ಕುರ್ಚಿಯಲ್ಲಿದ್ದ ಆಟೋದವನು ಬಾಯಿ ಹಾಕಿದ. "ಬೀಡಿ, ಬೆಂಕಿಪೊಟ್ಟಣ, ತಲೆ ಸರಿ ಇಲ್ದೋನು."

"ನಿನ್ನನ್ನ ಕೇಳ್ಲಿಲ್ಲ ಸುಮ್ನಿರಪ್ಪ, ಕಿವಿ ಹೋಗುತ್ತೆ."

"ಇಂಧನ, ಶಾಖ, ಆಮ್ಲಜನಕ" ಎನ್ನುವಳು ಏಣಿ.

"ವಿಮಾನಕ್ಕೆ ಬೆಂಕಿ ಬಿದ್ರೆ ಯಾವ ಕಡೆಯಿಂದ ಹೋಗ್ಬೇಕು?"

"ಗಾಳಿ ಬೀಸ್ತಾ ಇರೋ ಕಡೆಯಿಂದ. ಗಾಳಿ ನಮ್ಮ ಬೆನ್ನಿಗಿರ್ಬೇಕು. ಹೊಗೆ ನಮ್ಮ ಮುಖಕ್ಕೆ ಬರಬಾರ್ದು, ನೊರೆ ಮುಂದಕ್ಕೆ ಹೋಗ್ಬೇಕು."

"ಕರೆ ಬಂದ ಮೇಲೆ ರನ್‌ವೇಯ ಕೊನೇ ತುದಿಗೆ ಎಷ್ಟು ಹೊತ್ತಿಗೆ ಮುಟ್ಬೇಕು?"

"ಮೂರು ನಿಮಿಷ."

ಮಾಮನ ಕತ್ತರಿ ಅಲ್ಲಿ ನಿಂತುಬಿಡುತ್ತಿತ್ತು. ಎಷ್ಟು ಸಲ ಓದಿದರೂ ಅಲ್ಲೇ ನಿಲ್ಲುತ್ತಿತ್ತು. ಮೂರು ನಿಮಿಷದಲ್ಲಿ ಅವನಿಗೆ ಒಂದು ಕೆನ್ನೆಗೆ ನೊರೆ ಹಚ್ಚಿ ಮುಗಿಯುವುದಿಲ್ಲ. ಅಷ್ಟರಲ್ಲಿ ಈ ಜನ ಬೂಟು ಹಾಕಿ, ಗಾಡಿ ಹತ್ತಿ, ಮೈಲಿ ದಾಟಿ, ಉರಿಯುತ್ತಿರುವ ಎಣ್ಣೆಯ ಮೇಲೆ ನೊರೆಯ ಹೊದಿಕೆ ಹೊದಿಸಲು ಶುರುಮಾಡಿರಬೇಕು. ಅವರ ಪೈಕಿ ಒಬ್ಬಳಾಗಬೇಕಾದವಳು ಇಲ್ಲಿ ಬೆಂಚಿನ ಮೇಲೆ ಕಾಲು ಆಡಿಸುತ್ತಾ ಕೂತಿದ್ದಾಳೆ, ಚಿಕ್ಕವಳಿದ್ದಾಗ ಇದೇ ಬೆಂಚಿನ ಮೇಲೆ ತಲೆಗೂದಲು ಕತ್ತರಿಸಲು ಬಿಡದೆ ರಂಪ ಮಾಡಿದವಳು.

ಅಂಗಡಿಗೆ ವಾರಕ್ಕೊಮ್ಮೆ ಬರುವ ಗಿರಾಕಿಗಳಲ್ಲಿ ಒಬ್ಬರು ಹಳೇ ಫೈರ್‌ಮನ್. ನಿವೃತ್ತರಾಗಿ ಹದಿನೈದು ವರ್ಷವಾಗಿತ್ತು. ಮಾತು ಕಡಿಮೆ. ಕುರ್ಚಿಯಲ್ಲಿ ಕೂತು ನೊರೆ ಬಿದ್ದ ಎರಡು ನಿಮಿಷಕ್ಕೆ ನಿದ್ದೆ ಹೋಗುವುದು ಅವರ ವಾಡಿಕೆ. ಪರೀಕ್ಷೆಗೆ ಇನ್ನು ಹತ್ತು ವಾರ ಇದ್ದಾಗ, ಒಂದು ಶನಿವಾರ, ಅವರು ಹಾಗೇ ಕೂತಿದ್ದರು. ಮಾಮ ಅವರ ಗಲ್ಲದ ಕೆಳಗೆ ಕತ್ತಿ ಆಡಿಸಲು, ಎಲ್ಲರಿಗೂ ಹೇಳುವಂತೆ, "ಕತ್ತು ಸಡಿಲ ಬಿಡಿ ಸಾರ್" ಎಂದ. ಅವರು "ಹೂಂ" ಎಂದು ಬಿಟ್ಟರು. ಮಾಮ ಒಂದು ಬೆರಳು ಹಚ್ಚಿ ತಲೆಯನ್ನು ಬಲಕ್ಕೆ ತಿರುಗಿಸಿದ. ಹೂವಿನ ಹಾಗೆ ತಿರುಗಿತು. ಆ ಕಡೆ ಮುಗಿಸಿ ಈ ಕಡೆಗೆ ತಿರುಗಿಸಲು ಹೋದರೆ ತಲೆ ಅಲುಗಲಿಲ್ಲ. ಅಂಗೈ ಕೊಟ್ಟು ಎತ್ತಬೇಕಾಯಿತು. ಒದ್ದೆ ಮೂಟೆಯಂತೆ ಅಂಗೈ ತುಂಬ ಕೂತಿತು. ಅಷ್ಟರಲ್ಲಿ ಅವರಿಗೆ ನಿದ್ದೆ ಬಂದಿತ್ತು, ಅಷ್ಟೇ.

ಇಪ್ಪತ್ತೆಂಟು ವರ್ಷದಲ್ಲಿ ಸಾವಿರಾರು ಸಲ ಆಗಿದ್ದ ಸಂಗತಿ. ಮಲಗಿದ ಮಗುವಿನ ತಲೆ, ಕುಡಿದವನ ತಲೆ, ರಾತ್ರಿ ಪಾಳಿ ಮುಗಿಸಿ ಬಂದವನ ತಲೆ ಎಲ್ಲವೂ ಹೀಗೇ ಭಾರ. ಕೈಗೆ ಗೊತ್ತಿದ್ದದ್ದು ಆವತ್ತು ತಲೆಗೆ ಹೋಯಿತು. ಮಾಮ ಆ ತಲೆಯನ್ನು ಹಿಡಿದುಕೊಂಡೇ ನಿಂತುಬಿಟ್ಟ. ನೊರೆ ಒಣಗುತ್ತಾ ಬಂತು. ಹಳೇ ಫೈರ್‌ಮನ್ ಎಚ್ಚರಗೊಂಡು ಕನ್ನಡಿಯಲ್ಲಿ ಅವನ ಮುಖ ನೋಡಿದರು.

"ಏನಯ್ಯ, ಕುಯ್ದುಬಿಟ್ಟೆಯಾ?"

"ಇಲ್ಲ ಸಾರ್. ಒಂದು ಕೇಳ್ಲಾ? ನಿದ್ದೆ ಬಂದ್ರೆ ತಲೆ ಭಾರ ಯಾಕಾಗುತ್ತೆ? ತೂಕ ಅಷ್ಟೇ ಅಲ್ವಾ?"

"ಎಚ್ಚರ ಇರೋನು ತನ್ನನ್ನ ತಾನು ಅರ್ಧ ಹೊತ್ಕೊಂಡಿರ್ತಾನೆ. ಪ್ರಜ್ಞೆ ತಪ್ಪಿದೋನು ಪೂರ್ತಿ ನಿನ್ನ ಮೇಲೆ ಬೀಳ್ತಾನೆ. ಎಷ್ಟು ಜನಾನ ಎತ್ತಿದೀನಿ ನಾನು, ನನಗೆ ಗೊತ್ತಿಲ್ವಾ?" ಎಂದರು. ಆಮೇಲೆ, "ಗಡ್ಡ ಮುಗಿಸು" ಎಂದರು.

ಮಾಮ ಗಡ್ಡ ಮುಗಿಸಿ, ಅಂಗಡಿಯ ಬಾಗಿಲು ಅರ್ಧ ಎಳೆದು, ಅಕ್ಕನ ಮನೆಗೆ ಓಡಿದ. ಏಣಿ ಅಂಗಳದಲ್ಲಿ ಬೂಟು ತೊಳೆಯುತ್ತಿದ್ದಳು.

"ಹೋದ ವರ್ಷ ನಿನ್ನನ್ನ ಫೇಲ್ ಮಾಡಿದ್ದು ನಾನು ಕಣೇ."

"ಏನಾಯ್ತು ಮಾಮ?"

"ನಿನ್ನ ಹೆಗಲ ಮೇಲಿದ್ದಾಗ ನಾನು ಸುಮ್ನೆ ಇರ್ಲಿಲ್ಲ. ಹೊಟ್ಟೆ ಬಿಗಿ ಹಿಡೀತಿದ್ದೆ. ಹಿಂದಿನಿಂದ ನಿನ್ನ ಬೆಲ್ಟು ಹಿಡ್ಕೋತಿದ್ದೆ. ನೀನು ಎಡಕ್ಕೆ ವಾಲಿದ್ರೆ ನಾನು ಬಲಕ್ಕೆ ವಾಲ್ತಿದ್ದೆ. ನಿನಗೆ ಭಾರ ಆಗ್ಬಾರ್ದು ಅಂತ. ಅರವತ್ತರಲ್ಲಿ ಎಷ್ಟೋ ಕಿಲೋ ನಾನೇ ಹೊತ್ಕೊಂಡಿದ್ದೆ ಪುಟ್ಟಾ. ಗೊಂಬೆ ಯಾಕೆ ಹೊತ್ಕೊಳ್ಳುತ್ತೆ?"

ಏಣಿ ಬೂಟನ್ನು ಕೆಳಗಿಟ್ಟಳು. ಒಳಗಿನಿಂದ ಅಕ್ಕ ಬಂದು ಬಾಗಿಲಲ್ಲಿ ನಿಂತಳು. "ಲೋ, ನೀನು ಚಿಕ್ಕೋನಿದ್ದಾಗಿನಿಂದ ಹಾಗೇ. ಸೊಂಟದ ಮೇಲೆ ಎತ್ಕೊಂಡ್ರೂ ಕಾಲು ನೆಲಕ್ಕೆ ತಾಗಿಸೋಕೆ ನೋಡ್ತಿದ್ದೆ" ಎಂದಳು.

ಸುಳ್ಳಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕರೂ ಮುಂದಿನ ಕಂಬಿ ಬಿಡದ ಮನುಷ್ಯ ಅವನು. ಅಂಗಡಿಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವವನು. ಅಂಥವನು ಇನ್ನು ಹತ್ತು ವಾರದೊಳಗೆ ಸತ್ತವನ ಹಾಗೆ ಬೀಳುವುದನ್ನು ಕಲಿಯಬೇಕಾಯಿತು.

ಕಲಿಯುವುದು ಸುಲಭವಾಗಿರಲಿಲ್ಲ. ಮರುದಿನ ಬೆಳಗ್ಗೆ ಅವನು ಕೈಗಳನ್ನು ಜೋಲು ಬಿಟ್ಟ. ಏಣಿ ಎತ್ತಿದ ಕೂಡಲೆ ಹೊಟ್ಟೆ ತಾನಾಗಿ ಬಿಗಿಯಿತು. "ಮಾಮ, ಹೊಟ್ಟೆ!" ಎಂದಳು. ಹೊಟ್ಟೆ ಬಿಟ್ಟರೆ ಕತ್ತು ಸೆಟೆಯಿತು. "ಮಾಮ, ಕತ್ತು!" ಕತ್ತು ಬಿಟ್ಟರೆ ಮೊಣಕಾಲು. ಒಂದು ಕಡೆ ಬಿಟ್ಟದ್ದು ಇನ್ನೊಂದು ಕಡೆ ಬಂದು ಹಿಡಿಯುತ್ತಿತ್ತು. ಏಳು ದಿನ ಹೀಗೇ ಆಯಿತು. ಗಿರಾಕಿಗಳಿಗೆ ದಿನಕ್ಕೆ ಮೂವತ್ತು ಸಲ 'ಸಡಿಲ ಬಿಡಿ' ಎನ್ನುವವನಿಗೆ ಆ ಮಾತು ಎಷ್ಟು ದೊಡ್ಡದು ಎಂದು ಆವಾಗ ಅರ್ಥವಾಯಿತು. ಬೆಳಗ್ಗೆ ಅಂಗಡಿ ತೆರೆಯುವಾಗ ಅವನಿಗೆ ಕನ್ನಡಿಯ ಮೇಲಿನ ದೇವರ ಪಟಕ್ಕೆ ಕೈಮುಗಿದು, ಎಲ್ಲ ನಿನ್ನ ಮೇಲೆ ಬಿಟ್ಟಿದ್ದೇನೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುವ ರೂಢಿ ಇತ್ತು. ಎಂಟನೆಯ ದಿನ ಆ ಮಾತು ಅವನಿಂದ ಹೊರಡಲಿಲ್ಲ. ಬಿಡುವುದೆಂದರೇನೆಂದು ತಿಳಿಯದೆ ಇಷ್ಟು ವರ್ಷ ಬಿಟ್ಟಿದ್ದೇನೆ ಎಂದು ಹೇಳಿಕೊಂಡು ಬಂದೆನಲ್ಲ ಎಂದು ನಾಚಿಕೆಯಾಗಿ, ಸುಮ್ಮನೆ ಕೈಮುಗಿದು ಕೆಲಸಕ್ಕೆ ನಿಂತ.

ಅವನ ಕೆಲಸದಲ್ಲೇ ಒಂದು ಉಪಾಯವಿತ್ತು. ಗಂಟಲಮಣಿಯ ಮೇಲೆ ಕತ್ತಿ ಹಾಯಿಸುವಾಗ ಗಿರಾಕಿಗೆ, "ಉಸಿರು ಪೂರ್ತಿ ಹೊರಗೆ ಬಿಡಿ" ಎನ್ನುತ್ತಿದ್ದ. ಉಸಿರು ಹೊರಗೆ ಹೋದ ಕ್ಷಣದಲ್ಲಿ ಎಂಥವನ ಕತ್ತೂ ಮೆತ್ತಗಾಗುತ್ತದೆ. ಒಂಬತ್ತನೆಯ ದಿನ ಮೈದಾನದಲ್ಲಿ ಅವನು ಆ ಮಾತನ್ನು ತನಗೆ ತಾನೇ ಹೇಳಿಕೊಂಡ. ಏಣಿಯ ಕೈ ತೋಳಿಗೆ ತಾಗಿದಾಗ ಉಸಿರು ಹೊರಗೆ ಬಿಟ್ಟ. ಬಿಡುತ್ತಲೇ ಹೋದ.

ಏಣಿ ಎತ್ತಿದಳು. ಇಪ್ಪತ್ತು ಹೆಜ್ಜೆ ಓಡಿದಳು. ಇಪ್ಪತ್ತೊಂದನೆಯದಕ್ಕೆ ಮೊಣಕಾಲು ಮಡಚಿಕೊಂಡು ಇಬ್ಬರೂ ದೊಪ್ಪನೆ ಬಿದ್ದರು. ಅವಳ ಮಂಡಿ ಸುಲಿದು ರಕ್ತ ಬಂತು. ಅದನ್ನು ನೋಡದೆ ಅವಳು ಮಾಮನ ಕೆನ್ನೆಗೆ ಪಟಪಟನೆ ಬಾರಿಸಿದಳು. "ಮಾಮ! ಮಾಮ! ಏನಾಯ್ತು?"

"ಬದುಕಿದೀನಿ ಬಿಡೇ" ಎಂದು ಮಾಮ ಕಣ್ಣು ಬಿಟ್ಟ. "ಕೆನ್ನೆ ಉರೀತಿದೆ."

ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಾಗಲಿಲ್ಲ. "ಇದೇ ಮಾಮ! ಗೊಂಬೆ ಇಷ್ಟೇ ಭಾರ ಇತ್ತು! ಇದೇ ಅದು!" ಎಂದು ಮಣ್ಣಿನ ಮೇಲೆ ಕೂತು ಕೂಗಿದಳು. ವಾಕಿಂಗಿನ ಗುಂಪು ನಿಂತು ನೋಡಿತು. ಆವತ್ತು ಯಾರೂ ತಮಾಷೆ ಮಾಡಲಿಲ್ಲ.

ಆ ಪೂರ್ತಿ ಭಾರದ ಮಾಮನನ್ನು ಹೊತ್ತು ನೂರು ಮೀಟರ್ ಮುಟ್ಟಲು ಮೊದಲ ಸಲ ಅವಳಿಗೆ ಎಂಬತ್ತೆಂಟು ಸೆಕೆಂಡು ಬೇಕಾಯಿತು. ಎರಡು ವಾರಕ್ಕೆ ಎಪ್ಪತ್ತನಾಲ್ಕು. ಐದನೇ ವಾರಕ್ಕೆ ಅರವತ್ತಮೂರು. ಅಲ್ಲಿಗೆ ಬಂದು ಹತ್ತು ದಿನ ಅಲ್ಲಾಡದೆ ನಿಂತಿತು. ಹಳೇ ಫೈರ್‌ಮನ್ ಒಂದು ಬೆಳಗ್ಗೆ ಕೋಲೂರಿಕೊಂಡು ಬಂದು, ಕಟ್ಟೆಯ ಮೇಲೆ ಕೂತು ನೋಡಿ, "ತೋಳಿಂದ ಎಳೀಬೇಡ ಹುಡುಗಿ. ಕಾಲಿಂದ ಏಳು. ಎದ್ದ ಮೇಲೆ ಮೊದಲ ಮೂರು ಹೆಜ್ಜೆ ಚಿಕ್ಕದಿರ್ಲಿ" ಎಂದಷ್ಟೇ ಹೇಳಿ ಎದ್ದು ಹೋದರು. ಆ ಮೂರು ಚಿಕ್ಕ ಹೆಜ್ಜೆಗಳಿಂದ ಸೆಕೆಂಡುಗಳು ಮತ್ತೆ ಕರಗತೊಡಗಿದವು. ಅರವತ್ತು. ಐವತ್ತೇಳು. ಐವತ್ತೈದು.

ಹೆಗಲ ಮೇಲೆ ತಲೆಕೆಳಗಾಗಿ ನೇತಾಡುತ್ತಾ ಮಾಮನಿಗೆ ಬೇರೆಯೇ ಒಂದು ಲೋಕ ಕಂಡಿತು. ಮೊದಲೆಲ್ಲ ಅವನು ಆ ಒಂದು ನಿಮಿಷ ಏನನ್ನೂ ನೋಡಿರಲಿಲ್ಲ, ಹಿಡಿದುಕೊಳ್ಳುವುದರಲ್ಲೇ ಕಳೆದಿತ್ತು. ಈಗ ಬಿಟ್ಟ ಮೇಲೆ ನೆಲ ಮೇಲಿತ್ತು, ಆಕಾಶ ಕಾಲಡಿಯಲ್ಲಿ ಓಡುತ್ತಿತ್ತು, ಅವಳ ಹಿಮ್ಮಡಿಗಳು ಒಂದರ ಹಿಂದೊಂದು ಮಣ್ಣು ಚಿಮ್ಮುತ್ತಿದ್ದವು. ಅವಳ ಬೆನ್ನಿಗೆ ತಾಗಿದ ಕಿವಿಗೆ ಅವಳ ಉಸಿರು ಕೇಳುತ್ತಿತ್ತು. ಎಲ್ಲೋ ಆಳದಲ್ಲಿ ತಿದಿ ಒತ್ತಿದ ಹಾಗೆ, ತಪ್ಪದೆ, ಅವಸರವಿಲ್ಲದೆ. ಇಷ್ಟು ತೆಳ್ಳನೆಯ ಮೈಯೊಳಗೆ ಇಷ್ಟೊಂದು ಬಲವನ್ನು ಯಾರು, ಯಾವಾಗ ತುಂಬಿದರು? ತಾನು ಕೈ ಹಿಡಿದು ನಡೆಸಿದ ಕೂಸು ಇದು. ಈಗ ಇದರ ಮೇಲೆ ತಾನು ಪೂರ್ತಿ ಬಿದ್ದಿದ್ದೇನೆ, ಇದು ನಿಂತಿದೆ, ನಿಂತದ್ದಷ್ಟೇ ಅಲ್ಲ, ಓಡುತ್ತಿದೆ. ಮನೆಗೆ ಹೋಗಿ ಹೆಂಡತಿಗೆ ಅದನ್ನೆಲ್ಲ ಹೇಳಲು ನೋಡಿದ, ಮಾತು ಕೂಡಿಬರಲಿಲ್ಲ.

"ಏನ್ರೀ, ತಲೆಗೆ ರಕ್ತ ಇಳಿದಿದೆಯಾ?" ಎಂದಳು ಅವಳು.

ಪರೀಕ್ಷೆಯ ದಿನ ಬಂತು. ವಿಮಾನ ನಿಲ್ದಾಣದ ಹಿಂಭಾಗದಲ್ಲಿ ಕಬ್ಬಿಣದ ಜಾಲರಿ ಹಾಕಿದ ದೊಡ್ಡ ಮೈದಾನ. ಮನೆಯವರಿಗೆ ಜಾಲರಿಯ ಹೊರಗೆ ಜಾಗ. ಒಳಗೆ ನಲವತ್ತಮೂರು ಜನ, ಅದರಲ್ಲಿ ಹೆಣ್ಣುಮಕ್ಕಳು ಆರು. ಓಟ ಮುಗಿಯಿತು, ಹಗ್ಗ ಮುಗಿಯಿತು, ಏಣಿ ಏಣಿಯನ್ನು ಹತ್ತಿ ಇಳಿದಳು. ಕೊನೆಗೆ ಗೊಂಬೆ. ಕಾಲು, ಕೈ, ತಲೆ ಎಲ್ಲ ಇರುವ, ನೀಲಿ ಮೇಲಂಗಿ ತೊಡಿಸಿದ ಗೊಂಬೆ. ಅಧಿಕಾರಿಯೊಬ್ಬರು ಮೈಕಿನಲ್ಲಿ, ಗೊಂಬೆಯ ಇಡೀ ಮೈ ಗೆರೆಯ ಆಚೆ ನೆಲಕ್ಕೆ ತಾಗಿದ ಮೇಲೆಯೇ ಗಡಿಯಾರ ನಿಲ್ಲುತ್ತದೆ ಎಂದರು. ಮಾಮ ಜಾಲರಿಯ ಕಣ್ಣಿನೊಳಗೆ ಬೆರಳು ತೂರಿಸಿ, ಕೈಗಡಿಯಾರವನ್ನು ಮುಖಕ್ಕೆ ಹತ್ತಿರ ಹಿಡಿದು ನಿಂತ.

ಅವಳಿಗಿಂತ ಮುಂಚಿನ ಹುಡುಗರು ಗೆರೆ ದಾಟಿದ ಕೂಡಲೆ ಗೊಂಬೆಯನ್ನು ಮೂಟೆ ಎಸೆದಂತೆ ಧೊಪ್ಪೆಂದು ಎಸೆದರು. ಅಲ್ಲೇ ಸೀಟಿ. ಅದೇ ಸರಿ, ಎಲ್ಲರೂ ಮಾಡುವುದು ಅದೇ.

ಏಣಿಯ ಸರದಿ ಬಂತು. ಸೀಟಿ. ಮಂಡಿಯೂರಿದಳು, ಎದ್ದಳು, ಮೂರು ಚಿಕ್ಕ ಹೆಜ್ಜೆ, ಆಮೇಲೆ ಉದ್ದುದ್ದ ಹೆಜ್ಜೆ. ಹೊರಗೆ ನಿಂತು ಅವಳ ಓಟವನ್ನು ನೋಡುತ್ತಿರುವುದು ಇದೇ ಮೊದಲು ಎಂದು ಅವನಿಗೆ ಆಗ ಹೊಳೆಯಿತು. ಇಷ್ಟು ದಿನವೂ ಅವನು ಅದರೊಳಗೇ ಇದ್ದ. ಓಡುವಾಗ ಅವಳ ಮುಖ ಹೀಗಿರುತ್ತದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ನೋವಿಲ್ಲ, ಸಿಟ್ಟಿಲ್ಲ, ಯಾವುದೋ ದೂರದ ದನಿಯನ್ನು ಕಿವಿಗೊಟ್ಟು ಕೇಳುವವರ ಮುಖ. ಗೆರೆ ದಾಟಿದಾಗ ಅವನ ಗಡಿಯಾರದಲ್ಲಿ ಐವತ್ತಮೂರು.

"ಹಾಕು! ಎತ್ತಿ ಹಾಕು!" ಎಂದು ಜಾಲರಿಯ ಹೊರಗಿನವರೆಲ್ಲ ಕೂಗಿದರು.

ಅವಳು ಹಾಕಲಿಲ್ಲ. ಬಗ್ಗಿ, ಒಂದು ಮಂಡಿ ಊರಿ, ಗೊಂಬೆಯ ಸೊಂಟವನ್ನು ಮೆಲ್ಲಗೆ ಇಳಿಸಿ, ಅದರ ತಲೆಯ ಹಿಂದೆ ಅಂಗೈ ಕೊಟ್ಟು, ತಲೆಯನ್ನು ನೆಲದ ಮೇಲೆ ಇಟ್ಟಳು. ಪ್ರತಿದಿನ ಬೆಳಗ್ಗೆ ಮಾಮನನ್ನು ಇಳಿಸುತ್ತಿದ್ದುದೇ ಹಾಗೆ. ಇಳಿಸುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ ಅವನಿಗೆ ತನ್ನ ತಲೆಯ ಕೆಳಗೆ ದಿನಾಲೂ ಒಂದು ಅಂಗೈ ಬರುತ್ತದೆಂದು ಒಮ್ಮೆಯೂ ಗಮನಕ್ಕೆ ಬಂದಿರಲಿಲ್ಲ. ಜೀವನವಿಡೀ ಕಂಡವರ ತಲೆಯ ಕೆಳಗೆ ಅಂಗೈ ಕೊಟ್ಟವನು ಅವನು. ಐವತ್ತೈದು. ಐವತ್ತಾರು. ಅವಳ ಕೈ ಇನ್ನೂ ತಲೆಯ ಕೆಳಗೇ ಇತ್ತು. ಐವತ್ತೇಳು. ಕೈ ಎಳೆದುಕೊಂಡಳು. ಸೀಟಿ.

ಮಾಮನ ಗಡಿಯಾರ ಐವತ್ತೊಂಬತ್ತು ತೋರಿಸುತ್ತಿತ್ತು. ಅದು ಸರಿಯೋ ತಪ್ಪೋ ಹೇಳುವ ಧೈರ್ಯ ಅವನಿಗಿರಲಿಲ್ಲ. ಅಧಿಕಾರಿ ಹಲಗೆಯ ಮೇಲೆ ಏನೋ ಬರೆದು ಮೈಕ್ ಎತ್ತಿ, "ಐವತ್ತೆಂಟು ಪಾಯಿಂಟ್ ಆರು. ಪಾಸ್" ಎಂದರು. ಜಾಲರಿಯಿಂದ ಬೆರಳು ಬಿಡಿಸಿಕೊಳ್ಳಲು ಮಾಮನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಮರುದಿನ ಸಂದರ್ಶನ. ಮಾಮ ಹೊರಗೆ ಗೇಟಿನ ಹತ್ತಿರ ಕಾದ. ಅವಳು ಹೊರಗೆ ಬಂದಳು, ಇಬ್ಬರೂ ಬಸ್ಸು ಹತ್ತಿದರು. ಸೀಟು ಸಿಕ್ಕಿ ಕೂತ ಮೇಲೆ ಶುರುಮಾಡಿದಳು.

"ಮೂರು ಜನ ಇದ್ರು ಮಾಮ. ನಡುವೆ ಒಬ್ರು ಹೆಂಗಸು, ಅವರೇ ದೊಡ್ಡ ಅಧಿಕಾರಿ. ಗಾಳಿ ಕೇಳಿದ್ರು, ನೊರೆ ಕೇಳಿದ್ರು, ಎಲ್ಲ ಹೇಳ್ದೆ. ಆಮೇಲೆ ಗೊಂಬೆ ವಿಷಯಕ್ಕೆ ಬಂದ್ರು."

"ಏನಂತೆ ಗೊಂಬೇದು?"

"'ಅದು ಗೊಂಬೆ. ತಲೆಗೆ ಯಾಕೆ ಕೈ ಕೊಟ್ಟೆ?' ಅಂದ್ರು. ರೂಢಿ ಮೇಡಂ ಅಂದೆ. 'ನಾಲ್ಕೈದು ಸೆಕೆಂಡು ಹೋಯ್ತಲ್ಲ ಅಲ್ಲಿ. ವಿಮಾನದೊಳಗೆ ಇನ್ನೂ ನೂರು ಜನ ಇದ್ದಾರೆ ಅಂತಿಟ್ಕೋ. ಆ ಸೆಕೆಂಡುಗಳು ಯಾರದು?' ಅಂದ್ರು."

ಆ ಪ್ರಶ್ನೆ ಯಾವ ನೋಟ್‌ಬುಕ್ಕಿನಲ್ಲೂ ಇರಲಿಲ್ಲ. "ಏನ್ ಹೇಳ್ದೆ?"

"ಅವರದು ಮೇಡಂ ಅಂದೆ. 'ಹಾಗಾದ್ರೆ ಇನ್ಮೇಲೆ ಕೈ ಕೊಡಲ್ವಾ?' ಅಂದ್ರು." ಏಣಿ ಕಿಟಕಿಯ ಕಡೆಗೆ ತಿರುಗಿದಳು. "ಕೊಡ್ತೀನಿ ಮೇಡಂ, ಆ ಸೆಕೆಂಡುಗಳನ್ನ ಓಟದಲ್ಲಿ ಉಳಿಸ್ತೀನಿ ಅಂದುಬಿಟ್ಟೆ."

"ಹಾಗೇ ಅಂದೆಯಾ?"

"ಅಂದುಬಿಟ್ಟೆ ಮಾಮ. ಬಾಯಿಗೆ ಬಂತು."

"ಅವರೇನಂದ್ರು?"

"ಏನೂ ಅನ್ಲಿಲ್ಲ. ಏನೋ ಬರ್ಕೊಂಡ್ರು."

"ಏನ್ ಬರ್ಕೊಂಡ್ರು?"

"ನನ್ನ ಕಡೆಯಿಂದ ತಲೆಕೆಳಗಾಗಿ ಕಾಣ್ತಿತ್ತು. ಹಾಗೆ ಓದೋಕೆ ನನಗೆ ಬರಲ್ಲ."

"ನನ್ನನ್ನ ಕರ್ಕೊಂಡು ಹೋಗಿದ್ರೆ ಓದ್ತಿದ್ನಲ್ಲೇ" ಎಂದ ಮಾಮ. ಇಬ್ಬರೂ ನಕ್ಕರು.

ಹದಿನೇಳು ದಿನ ಕಳೆಯಿತು. ಆ ಹದಿನೇಳು ದಿನದಲ್ಲಿ ಮಾಮ ಒಬ್ಬ ಗಿರಾಕಿಯ ಒಂದು ಪಕ್ಕದ ಮೀಸೆಯನ್ನು ಪೂರ್ತಿ ತೆಗೆದುಬಿಟ್ಟ, ಮನ್ನಿಸಿ ಎಂದು ಇನ್ನೊಂದು ಪಕ್ಕವನ್ನೂ ತೆಗೆದ. ಅಕ್ಕ ಲಾಂಡ್ರಿಯಲ್ಲಿ ಏಣಿಗೆ ಜಾಗ ಕೇಳಿ ಇಟ್ಟಿದ್ದಾಳೆ ಎಂದು ಹೆಂಡತಿಯಿಂದ ತಿಳಿಯಿತು. ಯಾರೂ ಅದನ್ನು ಏಣಿಗೆ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಅವಳು ಬೆಳಗಿನ ಹೊತ್ತು ಅಮ್ಮನ ಜೊತೆ ಕೂತು ಹಾಸಿಗೆ ಬಟ್ಟೆಯ ನಾಲ್ಕು ಮೂಲೆ ಕೂಡಿಸಿ ಮಡಿಸುವುದನ್ನು ತಾನಾಗಿ ಕಲಿಯುತ್ತಿದ್ದಳು.

ಹದಿನೆಂಟನೆಯ ಬೆಳಗ್ಗೆ ಗೇಟಿನ ಪಕ್ಕದ ಹಲಗೆಗೆ ಪಟ್ಟಿ ಅಂಟಿಸುತ್ತಾರೆಂದು ಹೇಳಿದ್ದರು. ಮಾಮ, ಏಣಿ ಇಬ್ಬರೂ ಹೋದರು. ಪಟ್ಟಿ ಆಗಲೇ ಬಂದಿತ್ತು. ಹಲಗೆಯ ಮುಂದೆ ಜನ ಮುತ್ತಿಕೊಂಡಿದ್ದರು. ಏಣಿ ರಸ್ತೆಯ ಅಂಚಿನಲ್ಲೇ ನಿಂತಳು.

"ನೀನೇ ನೋಡಿ ಬಾ ಮಾಮ. ನನ್ನ ಕಾಲು ಏಳ್ತಾ ಇಲ್ಲ."

ಅವನು ನುಗ್ಗಿಕೊಂಡು ಹೋದ. ಆಯ್ಕೆಯಾದವರ ಇಪ್ಪತ್ತು ಸಂಖ್ಯೆಗಳಿದ್ದವು. ಮೇಲಿನಿಂದ ನೋಡುವ ಧೈರ್ಯವಾಗದೆ ಕೆಳಗಿನಿಂದ ಶುರುಮಾಡಿದ. ಇಪ್ಪತ್ತು ಅವಳದಲ್ಲ. ಹತ್ತೊಂಬತ್ತು ಅಲ್ಲ. ಬೆರಳು ಮೇಲೇರುತ್ತಾ ಹೋಯಿತು. ಏಳರ ಹತ್ತಿರ ಬಂದಾಗ ಬೆರಳು ನಿಧಾನವಾಯಿತು, ಉಳಿದದ್ದು ಕಡಿಮೆ ಎಂದು. ನಾಲ್ಕನೆಯದಕ್ಕೆ ನಿಂತಿತು. ಅಂಕಿಗಳನ್ನು ಒಂದೊಂದಾಗಿ ಓದಿದ. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದ. ಹಿಂದಿದ್ದವನೊಬ್ಬ, "ಆಯ್ತಾ ಯಜಮಾನ್ರೇ, ಉರು ಹೊಡೀತಾ ಇದೀರಾ?" ಎಂದ.

ಮಾಮ ಹೊರಗೆ ಬಂದು ಏಣಿಯ ಮುಂದೆ ನಿಂತ. ಬಾಯಿ ತೆರೆದ, ಶಬ್ದ ಬರಲಿಲ್ಲ. ನಾಲ್ಕು ಬೆರಳು ಎತ್ತಿ ತೋರಿಸಿದ.

"ನಾಲ್ಕು ಏನು ಮಾಮ? ನಾಲ್ಕು ಮಾರ್ಕಿಗೆ ಹೋಯ್ತಾ?"

ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ, ನಾಲ್ಕು ಬೆರಳು ಹಾಗೇ ಇದ್ದವು, ಕಣ್ಣಿನಿಂದ ನೀರು ಇಳಿಯುತ್ತಿತ್ತು. ಅವಳಿಗೆ ಆಗ ಅರ್ಥವಾಯಿತು. ಕೂಗಲಿಲ್ಲ, ಕುಣಿಯಲಿಲ್ಲ. ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತು ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡಳು.

ಆಗಲೇ ಗೋಡೆಯ ಆಚೆ ಸೈರನ್ ಮೊಳಗಿತು. ಹಲಗೆಯ ಮುಂದಿದ್ದವರೆಲ್ಲ ತಿರುಗಿದರು. "ಬೆಂಕಿ ಅಲ್ಲ, ದಿನಾ ಬೆಳಗ್ಗಿನ ಪರೀಕ್ಷೆ" ಎಂದ ಗೇಟಿನ ಕಾವಲಿನವನು. ಕಂಬಿಗಳ ನಡುವಿನಿಂದ ಕಾಣುವ ಶೆಡ್ಡಿನ ಬಾಗಿಲು ಮೇಲೆದ್ದಿತು. ಒಳಗಿನಿಂದ ಗಾಡಿ ಹೊರಬಂತು. ಮಾಮ ಅದನ್ನು ಇದುವರೆಗೆ ಚಿತ್ರದಲ್ಲಿ ಮಾತ್ರ ನೋಡಿದ್ದ. ಎಂಟು ಚಕ್ರ, ಒಂದೊಂದೂ ಅವನ ಎದೆಯ ಎತ್ತರ. ಮನೆಯೊಂದು ಎದ್ದು ಓಡಿದಂತೆ ಅದು ಬಿಳಿ ಗೆರೆ ದಾಟಿ, ತಿರುಗಿ, ನೆತ್ತಿಯ ಮೇಲಿನ ಕೊಳವೆಯಿಂದ ನೀರು ಚಿಮ್ಮಿಸಿತು. ನೀರು ಮೇಲಕ್ಕೆ ಹೋಯಿತು, ಇನ್ನೂ ಮೇಲಕ್ಕೆ ಹೋಯಿತು, ಬಿಸಿಲಿನಲ್ಲಿ ಬಿಳಿಯ ಕಮಾನಾಗಿ ಬಾಗಿ ಎಲ್ಲೋ ದೂರದಲ್ಲಿ ಬಿತ್ತು. ಅಷ್ಟು ದೊಡ್ಡದು ಅಷ್ಟು ಹಗುರವಾಗಿ ತಿರುಗುವುದನ್ನು ನೋಡಿ ಮಾಮನ ಕೈಗಳು ತಾವಾಗಿ ಕೂಡಿದವು. ಗಾಡಿಯ ಗಾಜಿನ ಹಿಂದೆ ಹೆಲ್ಮೆಟ್ ಹಾಕಿದ ಸಣ್ಣದೊಂದು ತಲೆ ಕಾಣಿಸಿತು, ಅಂಥದ್ದನ್ನು ಓಡಿಸುತ್ತಿದ್ದ ಒಬ್ಬ ಮನುಷ್ಯನ ತಲೆ.

"ಇದನ್ನ ನೀನು ಓಡಿಸ್ತೀಯೇನೇ?" ಎಂದ, ಈಗ ದನಿ ಬಂದಿತ್ತು.

ಏಣಿ ಮುಖ ಒರೆಸಿಕೊಂಡು ಎದ್ದು ಅವನ ಪಕ್ಕದಲ್ಲಿ ಬಂದು ನಿಂತಳು. ನೀರಿನ ಕಮಾನು ಕರಗಿ ಹೋಗುವವರೆಗೂ ನೋಡಿದಳು.

"ಇಲ್ಲ ಮಾಮ, ಮೊದಲ ಆರು ತಿಂಗಳು ತೊಳೆಯೋಕೆ ಹಾಕ್ತಾರಂತೆ."

"ತೊಳೀಬೇಕಾ? ಇಷ್ಟು ದೊಡ್ಡದನ್ನಾ?" ಎಂದ ಮಾಮ, ಇನ್ನೂ ಮುಗಿದ ಕೈ ಬಿಡಿಸದೆ. "ಏಣಿ ಬೇಕಾಗುತ್ತಲ್ಲೇ ಅದಕ್ಕೆ."